ನನ್ನ ಕಾಲಿಗೆ ಬಂದ ಇಂಜುರಿ

ನಾನು ಓದಿದ್ದು ಕಡಿಮೆ, ಇಂಗ್ಲಿಷ್ ಅಂತೂ ಬರುವುದೇ ಇಲ್ಲ. ಆದರೂ ಒಂದು ಇಂಗ್ಲಿಷ್ ಮಾತಿನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು: ಇಂಜುರಿ. ನಮ್ಮ ಕಾಲದಲ್ಲಿ ಮೈಗೆ ಏನೇ ಆದರೂ ಅದಕ್ಕೊಂದು ಹೆಸರಿತ್ತು. ಹೆಸರು ಕೇಳಿದರೆ ಔಷಧಿಯೂ ಗೊತ್ತಾಗುತ್ತಿತ್ತು. ತರಚಿದರೆ ಅರಿಶಿನ, ಉಳುಕಿದರೆ ಬಿಸಿ ಎಣ್ಣೆ ಹಚ್ಚಿ ನೀವುವುದು, ಬಾತರೆ ಉಪ್ಪಿನ ಶಾಖ. ಮುಳ್ಳು ಚುಚ್ಚಿದರೆ ಪಿನ್ನು, ಜೊತೆಗೆ ಅವ್ವನ ಬೈಗುಳ. ಈಗ ಉಗುರು ಮುರಿದರೂ ಇಂಜುರಿ, ಲಾರಿ ಹರಿದರೂ ಇಂಜುರಿ. ಕೇಳಿದವರು ಅಳಬೇಕೋ, ಕೂತು ಕಾಫಿ ಕುಡಿಯಬೇಕೋ ತಿಳಿಯುವುದಿಲ್ಲ.

ಹೋದ ತಿಂಗಳು ವಿನೋಬನಗರದ ನಮ್ಮ ಮನೆಯಲ್ಲಿ ತಾರಸಿ ಮೇಲೆ ಬಟ್ಟೆ ಒಣಹಾಕಿ ಇಳಿಯುವಾಗ ನನ್ನ ಎಡಗಾಲು ಉಳುಕಿತು. ಅಷ್ಟೇ. ಆದರೆ ಮಾರನೆಯ ದಿನ ನಾನು ಭದ್ರಾವತಿಗೆ ಹೊರಡಬೇಕಿತ್ತು. ಅಲ್ಲಿ ನನ್ನ ಮಗಳು ನಿರ್ಮಲಳ ಮನೆಯಲ್ಲಿ ಅವಳ ಮಗಳು ಹೆತ್ತಿದ್ದಳು. ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವುದು ನನ್ನ ಕೆಲಸ. ನಮ್ಮ ಮನೆಯ ಕೂಸುಗಳೆಲ್ಲ ಗಂಟಲು ಬಿಟ್ಟು ಅತ್ತದ್ದು ನನ್ನ ಕಾಲ ಮೇಲೆಯೇ. ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ, ಕೂಸನ್ನು ಅದರ ಮೇಲೆ ಮಲಗಿಸಿಕೊಂಡು ನಾನು ಬಿಸಿನೀರು ಎರೆದರೆ ಅದು ಮಧ್ಯಾಹ್ನದವರೆಗೆ ಕಣ್ಣು ಬಿಡುವುದಿಲ್ಲ. ನಾನು ಹೋಗದಿದ್ದರೆ ಆ ಮಣೆಗೆ ಅದೇ ಮನೆಯಲ್ಲಿ ಒಬ್ಬರು ಕಾದು ಕೂತಿದ್ದರು. ನಿರ್ಮಲಳ ಅತ್ತೆ, ನನ್ನ ಬೀಗಿತ್ತಿ ಗಂಗಮ್ಮ. ನೀರು ಬಿಸಿ ಸಾಕೋ ಸಾಲದೋ ಎಂದು ಮನೆಮಂದಿಯನ್ನೆಲ್ಲ ಕೇಳಿಕೊಂಡು ಸ್ನಾನ ಮಾಡುವ ಹೆಂಗಸು.

ನನ್ನ ಸೊಸೆ ಶೈಲಾ ಫೋನು ಹಿಡಿದೇಬಿಟ್ಟಳು. "ನಿರ್ಮಲಕ್ಕ, ಅತ್ತೆಗೆ ಕಾಲು ಇಂಜುರಿ ಆಗಿದೆ. ಬರೋಕಾಗಲ್ಲ."

"ಉಳುಕಿದೆ ಅನ್ನೇ!" ಎಂದು ಕೂಗಿದೆ.

"ಅದೇ ಅತ್ತೆ, ಇಂಜುರಿ ಅಂದ್ರೆ ಅದೇ."

ಹೇಗೆ ಅದೇ ಆಗುತ್ತದೆ? ಉಳುಕು ಎಂದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಂಜುರಿ ಎಂಬ ಸುದ್ದಿ ಹಬ್ಬಿ, ಸಂಜೆಯೊಳಗೆ ಬೀದಿಯವರು ಮೂಸಂಬಿ, ಬ್ರೆಡ್ಡು ಹಿಡಿದು ನೋಡಲು ಬಂದರು. ಬಾಗಿಲು ತೆಗೆದವಳು ನಾನೇ ಎಂದು ಕಂಡು ಅವರ ಮುಖ ಸಪ್ಪಗಾಯಿತು. ಆಯನೂರಿನಿಂದ ಬಸ್ಸು ಹಿಡಿದು ಬಂದ ನನ್ನ ತಂಗಿಯಂತೂ ಸೀರೆ ಸರಿಸಿಯೇ ನೋಡಿದಳು. "ಅಕ್ಕ, ಕಾಲು ಇದೆಯಲ್ಲೇ!"

"ಇದೆ ಮಾರಾಯ್ತಿ, ಬೇಕಾದ್ರೆ ತಗೊಂಡ್ಹೋಗು" ಎಂದೆ.

ಆಮೇಲೆ ಗಂಗಮ್ಮನ ಫೋನು. "ಬೀಗ್ರೇ, ನೀವು ಆರಾಮಾಗಿರಿ. ಇಂಜುರಿ ಕಾಲಲ್ಲಿ ಕೂಸನ್ನ ಮಲಗಿಸ್ಕೊಳ್ಳೋದು ಬೇಡ. ನಾನೇ ಎರೀತಿದ್ದೀನಿ." ಆ ದನಿಯಲ್ಲಿ ಮರುಕಕ್ಕಿಂತ ಹಿಗ್ಗೇ ಹೆಚ್ಚಿತ್ತು.

ಬಾವು ಇಳಿದ ಬೆಳಿಗ್ಗೆ, ಶೈಲಾ ಎದ್ದು ಹಲ್ಲುಜ್ಜುವಷ್ಟರಲ್ಲಿ ನಾನು ಭದ್ರಾವತಿ ಬಸ್ಸಿನಲ್ಲಿದ್ದೆ. ಬಾಗಿಲಲ್ಲೇ ಗಂಗಮ್ಮ ಎದುರಾದರು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೂಸಿಗೆ ಎರೆಯಲು ಸಿದ್ಧವಾಗಿದ್ದರು. "ಅಯ್ಯೋ, ಇಂಜುರಿ ಇಟ್ಕೊಂಡು ಯಾಕ್ರೀ ಬಂದ್ರಿ!"

ನಾನು ನೇರ ತೊಟ್ಟಿಲ ಹತ್ತಿರ ಹೋದೆ. ಕೂಸಿನ ಮೂಗಿನ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ. ತನ್ನ ಉಗುರಿನಿಂದ ತಾನೇ ಗೀರಿಕೊಂಡದ್ದು. ಎಲ್ಲ ಕೂಸುಗಳೂ ಗೀರಿಕೊಳ್ಳುತ್ತವೆ. ಕೊಬ್ಬರಿ ಎಣ್ಣೆ ಸವರಿದರೆ ಸಂಜೆಗೆ ಇರುವುದಿಲ್ಲ. ಅದನ್ನು ತರಚು ಎನ್ನುವುದೂ ಹೆಚ್ಚೇ. ಇದೆಲ್ಲ ನನಗೆ ಚೆನ್ನಾಗಿ ಗೊತ್ತು. ಆದರೆ ಬಾಯಿಂದ ಹೊರಟದ್ದೇ ಬೇರೆ.

"ಏನ್ರೀ ಗಂಗಮ್ಮ ಇದು? ಕೂಸಿಗೆ ಇಂಜುರಿ ಮಾಡಿಟ್ಟಿದ್ದೀರಲ್ರೀ!"

ಒಳಗಿದ್ದ ಬಾಣಂತಿ ಗಾಬರಿಯಾಗಿ ಓಡಿ ಬಂದಳು. ಗಂಗಮ್ಮನ ಮುಖ ಬಿಳುಚಿಕೊಂಡಿತು. ನಿರ್ಮಲ ಮಣೆ ತಂದು ಬಚ್ಚಲಲ್ಲಿ ನನಗೆ ಹಾಕಿಕೊಟ್ಟಳು. ಉಳುಕು ಎಂದಿದ್ದರೆ, ತರಚು ಎಂದಿದ್ದರೆ ಇಷ್ಟು ಬೇಗ ಕೆಲಸವಾಗುತ್ತಿತ್ತೇ? ಆ ಮಾತು ಅಷ್ಟೇನೂ ಕೆಟ್ಟದ್ದಲ್ಲ ಎನ್ನಿಸಿತು.

ಕೂಸನ್ನು ಹಾಕಿಕೊಂಡು ಕಾಲು ಚಾಚಿದೆ. ಎಡಗಾಲು ಚಳುಕ್ ಎಂದು, ಕಣ್ಣಲ್ಲಿ ನೀರೇ ಬಂತು. ಗಂಗಮ್ಮ ಬಚ್ಚಲ ಬಾಗಿಲಲ್ಲಿ ನಿಂತು ನನ್ನ ಕಾಲನ್ನೇ ನೋಡುತ್ತಿದ್ದರು.

"ಯಾಕ್ರೀ ಬೀಗ್ರೇ, ನೋವಾಯ್ತಾ?"

"ಇಲ್ರೀ," ಎಂದೆ, "ನೀರು ಬಿಸಿ ಸಾಕೋ ಸಾಲದೋ, ನೀವೊಂದ್ಸಲ ನೋಡಿ ಹೇಳಿ."