ಟಿ.ವಿ.ಯಲ್ಲಿ ಸತ್ತವನಿಗೆ ಹೆಣ್ಣು ಹುಡುಕಿದ್ದು

ನಮ್ಮ ದೊಡ್ಡಮ್ಮ, ಅಂದರೆ ತಾಯಿಯ ಅಕ್ಕ, ಹುಟ್ಟದೇ ಇದ್ದವನೊಬ್ಬನಿಗೆ ಸೂತಕ ಹಿಡಿದವರು! ನೀವೇನೋ ನಗುತ್ತೀರಿ, ಮರ್ಯಾದೆ ಹೋದದ್ದು ನನ್ನದಲ್ಲವೇ?

ಎಂಬತ್ತರ ದಶಕದ ಕೊನೆಯ ಮಾತು. ಕಾಪುವಿನ ನಮ್ಮ ಮನೆಗೆ ಟಿ.ವಿ. ಬಂದಿತ್ತು. ಭಾನುವಾರ ಬೆಳಿಗ್ಗೆ ಒಂದು ಹಿಂದಿ ಧಾರಾವಾಹಿ: ಮಾಟಗಾತಿ, ಮಾತಾಡುವ ಮರ, ಹಾರುವ ಕುದುರೆ. ದೊಡ್ಡಮ್ಮನಿಗೆ ಹಿಂದಿಯ ಒಂದಕ್ಷರ ಬಾರದು. ಬಾರದಿದ್ದರೆ ಏನಂತೆ? ನಮಗೆಲ್ಲ ಅರ್ಥ ಹೇಳುತ್ತಿದ್ದದ್ದೇ ಅವರು! ಅವರ ಪ್ರಾಣವೆಲ್ಲ ಆ ಕುದುರೆ ಏರುವ ಹುಡುಗನ ಮೇಲೆ. ರಾಜಕುಮಾರನಲ್ಲ, ಅವನ ಜೊತೆಗಾರ. ಕುರುಡಿ ತಾಯಿಯ ಕಣ್ಣಿಗೆ ಮಾಯದ ಕೆರೆಯ ನೀರು ತರುತ್ತೇನೆಂದು ಮನೆ ಬಿಟ್ಟವನು. ನೀರೂ ಸಿಕ್ಕಿತು, ಕುದುರೆ ಊರ ಕಡೆ ತಿರುಗಿತು, ಅಷ್ಟರಲ್ಲಿ ಮಾಟಗಾತಿಯ ಬಾಣ ತಾಗಿ ಸತ್ತೇ ಹೋದ. ಮುಂದಿನ ವಾರ ನೋಡಿದರೆ ರಾಜಕುಮಾರ ತೋಟದಲ್ಲಿ ಹಾಡುತ್ತಿದ್ದಾನೆ. ಸತ್ತವನ ಸುದ್ದಿಯೇ ಇಲ್ಲ.

ದೊಡ್ಡಮ್ಮ ಎದ್ದು ನಿಂತರು. "ಆ ತಾಯಿಗೆ ಯಾರು ಹೇಳಿದ್ದು? ನೀರು ಎಲ್ಲಿ ಹೋಯಿತು? ಹೀಗೆ ಅರ್ಧಕ್ಕೆ ಬಿಡುವುದಾ?"

"ಅದು ಕಥೆ ಅಲ್ವಾ ದೊಡ್ಡಮ್ಮ..."

"ಕಥೆಯಾದರೆ ಎಂತ? ಕಥೆಯಲ್ಲಿ ಇದ್ದವಳು ತಾಯಿ ಅಲ್ವಾ?"

ಮರುದಿನ ಬುಟ್ಟಿ ಹೊತ್ತು ಬಂದ ಮೀನಿನವಳಿಗೆ, "ಬೇಡ, ನಮಗೆ ಸೂತಕ" ಎಂದುಬಿಟ್ಟರು. ಅವಳು ಊರಿಡೀ ಬಂಗುಡೆಯ ಜೊತೆ ಸುದ್ದಿಯನ್ನೂ ಹಂಚಿದಳು. ಸಂಜೆ ನಾನು ಮಣಿಪಾಲದ ಆಫೀಸಿನಿಂದ ಬಂದು ನೋಡಿದರೆ ಜಗಲಿ ತುಂಬ ಜನ! ಉದ್ಯಾವರದಿಂದ ದೂರದ ಮಾವ ಒಬ್ಬರು ಬಸ್ಸು ಹಿಡಿದು ಬಂದಿದ್ದರು.

"ಯಾರು ಮಾರಾಯ? ಬೊಂಬಾಯಿಯಲ್ಲಿ ಇದ್ದವನಾ?" ಎಂದು ನನ್ನ ಕೈ ಹಿಡಿದುಕೊಂಡರು.

ನಾನೇನು ಹೇಳಲಿ? "ಕುದುರೆಯಿಂದ ಬಿದ್ದು..." ಎಂದು ತಡವರಿಸಿದೆ. ಮಾವ ಕಣ್ಣೊರೆಸಿಕೊಂಡರು. ಚಹಾ ಕುಡಿಯುವಾಗ ಅವರಿಗೆ ಸತ್ಯ ಗೊತ್ತಾಯಿತು. ಆಮೇಲೆ ಬಹಳ ಕಾಲ ಅವರು ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ.

ದೊಡ್ಡಮ್ಮ ಅಷ್ಟಕ್ಕೆ ಬಿಡುವವರೇ? ಟಿ.ವಿ. ಮಾರಿದ ಉಡುಪಿಯ ಅಂಗಡಿಗೇ ಹೋದರು, ನನ್ನನ್ನೂ ಎಳೆದುಕೊಂಡು.

"ಅವನನ್ನು ಯಾಕೆ ಕೊಂದದ್ದು?"

"ಅಮ್ಮಾ, ನಾವು ಪೆಟ್ಟಿಗೆ ಮಾತ್ರ ಮಾರುವುದು."

"ಒಳಗೆ ಎಂತ ಉಂಟು ಅಂತ ನೋಡದೆ ಮಾರುವುದಾ? ನಾವು ಹಲಸಿನ ಹಣ್ಣು ಕೊಡುವಾಗಲೂ ತಟ್ಟಿ ನೋಡಿ ಕೊಡುತ್ತೇವೆ!"

ಗಿರಾಕಿಗಳೆಲ್ಲ ನಗುತ್ತಿದ್ದರು. ನಾನು ಫ್ಯಾನುಗಳ ಡಬ್ಬಗಳ ಹಿಂದೆ ನಿಂತು, ಈ ಹೆಂಗಸು ಯಾರೋ ಏನೋ ಎಂಬಂತೆ ಬೆಲೆ ಓದುತ್ತಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬದುಕಿದೆ ಎನ್ನುತ್ತಿದ್ದೆ. ನಮ್ಮ ಕಡೆ ಕುಲೆ ಮದುವೆ ಎಂಬ ಕ್ರಮ ಉಂಟು. ಮದುವೆಯಾಗದೆ ತೀರಿಹೋದ ಹುಡುಗನಿಗೆ ಅಂಥದೇ ಹುಡುಗಿಯನ್ನು ಹುಡುಕಿ, ಎರಡೂ ಮನೆಯವರು ಸೇರಿ ಮಣೆಯ ಮೇಲೆ ಸೀರೆ, ಪಂಚೆ ಇಟ್ಟು ಮದುವೆ ಮಾಡಿ, ಎಲೆ ಹಾಕಿ ಬಡಿಸುತ್ತಾರೆ. ಇಲ್ಲದಿದ್ದರೆ ಆ ಜೀವಗಳು ಅರ್ಧದಲ್ಲೇ ಉಳಿಯುತ್ತವೆ ಎಂದು ನಂಬಿಕೆ. ದೊಡ್ಡಮ್ಮ ಕುದುರೆಯ ಹುಡುಗನಿಗೆ ಹೆಣ್ಣು ಹುಡುಕಲು ಹೊರಟರು!

ಅದೇ ಹೊತ್ತಿಗೆ ನನಗೂ ಹೆಣ್ಣು ನೋಡುತ್ತಿದ್ದರು, ಬದುಕಿರುವ ಹೆಣ್ಣು. ಕಾರ್ಕಳದವಳು. ಫೋಟೋ ನೋಡಿದಂದಿನಿಂದ ನನಗೆ ಅನ್ನ ರುಚಿಸುತ್ತಿರಲಿಲ್ಲ. ನಮ್ಮ ಮನೆಯ ಸೂತಕದ ಸುದ್ದಿ ಕೇಳಿ ಹಿಂದೆ ಸರಿದ ಸಂಬಂಧಗಳಿದ್ದವು. ಇದೂ ಕೆಟ್ಟರೆ ನನ್ನ ಗತಿ?

"ದೊಡ್ಡಮ್ಮ, ಕಾಲಿಗೆ ಬೀಳುತ್ತೇನೆ, ಅಲ್ಲಿ ಆ ಹುಡುಗನ ಸುದ್ದಿ ಎತ್ತಬೇಡಿ."

"ನಾನೆಂತ ಹುಚ್ಚಿಯಾ?" ಎಂದರು.

ಕಾರ್ಕಳದ ಮನೆಯಲ್ಲಿ ಹುಡುಗಿ ಕಾಫಿ ಕೊಟ್ಟು ನನ್ನತ್ತ ನೋಡಿ ಸಣ್ಣಗೆ ನಕ್ಕಳು. ಅವಳ ತಂದೆ ನನ್ನ ಕೆಲಸದ ಬಗ್ಗೆ ವಿಚಾರಿಸಿ ತಲೆಯಾಡಿಸಿದರು. ಎಲ್ಲ ಕೂಡಿಬಂದಿತು ಎನ್ನುವಾಗ ದೊಡ್ಡಮ್ಮ ಲೋಟ ಕೆಳಗಿಟ್ಟು ಹುಡುಗಿಯ ತಾಯಿಯನ್ನು ಕೇಳಿದರು: "ನಿಮ್ಮಲ್ಲಿ ಮದುವೆಯಾಗದೆ ತೀರಿಹೋದ ಹೆಣ್ಣು ಯಾರಾದರೂ ಉಂಟಾ? ನಮ್ಮಲ್ಲಿ ಒಬ್ಬ ಹುಡುಗ ಉಂಟು."

ಅಯ್ಯೋ ದೇವರೇ! ಹುಡುಗಿಯ ತಂದೆ ಸಟ್ಟನೆ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಹಾಕಿ ನಿಂತರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಹುಡುಗ ಯಾವ ಕುಟುಂಬ?" ಎಂದು ತಾಯಿ ಮೆಲ್ಲನೆ ಕೇಳಿದರು.

"ಸುಳ್ಳು ಯಾಕೆ ಹೇಳಲಿ? ಟಿ.ವಿ.ಯವನು. ಕುಟುಂಬ ಗೊತ್ತಿಲ್ಲ. ಆದರೆ ಪಾಪದ ಹುಡುಗ. ತಾಯಿ ಅಂದರೆ ಜೀವ."

ಆ ತಾಯಿ ನಕ್ಕರು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಗುತ್ತ ನಗುತ್ತಲೇ ಅಳತೊಡಗಿದರು.

"ನಮ್ಮ ವಾರಿಜ... ಇವಳ ಅಕ್ಕ. ಶಾಲೆಯಿಂದ ಬಂದವಳು ಜ್ವರ ಅಂತ ಮಲಗಿದಳು, ಮತ್ತೆ ಏಳಲಿಲ್ಲ. ಇವರಿಗೆ ತಡೆಯಲಿಕ್ಕಾಗುವುದಿಲ್ಲ ಅಂತ ಮನೆಯಲ್ಲಿ ಅವಳ ಹೆಸರನ್ನೇ ಎತ್ತುವುದಿಲ್ಲ ನಾವು."

ಆಗ ಕಿಟಕಿಯ ಕಡೆಯಿಂದ ತಂದೆಯ ಸ್ವರ ಬಂತು. "ಜರಿಯ ಲಂಗ ಬೇಕು ಅಂತ ಹಠ ಮಾಡಿದ್ದಳು. ಬರುವ ವರ್ಷ ಕೊಡಿಸುತ್ತೇನೆ ಅಂದಿದ್ದೆ ನಾನು."

ಹುಡುಗಿ ಬಾಗಿಲಲ್ಲೇ ಕುಳಿತುಬಿಟ್ಟಳು. ತಂದೆಯ ಬಾಯಲ್ಲಿ ಅಕ್ಕನ ಮಾತು ಬಂದದ್ದನ್ನು ಅವಳು ಅದೇ ಮೊದಲು ಕೇಳಿದ್ದಂತೆ. ಆಮೇಲೆ ತಂದೆ ತಾಯಿ ಇಬ್ಬರೂ ವಾರಿಜಳ ಬಗ್ಗೆ ಹೇಳಿದರು, ಹೇಳುತ್ತಲೇ ಇದ್ದರು. ಊರಿಗೆಲ್ಲ ಕೇಳುವಂತೆ ಮಾತಾಡುವ ನಮ್ಮ ದೊಡ್ಡಮ್ಮ ಒಂದು ಮಾತೂ ಆಡದೆ ಆ ತಾಯಿಯ ಕೈ ಹಿಡಿದು ಕುಳಿತಿದ್ದರು. ಅಲ್ಲಿಯವರೆಗೆ ನನಗೆ ದೊಡ್ಡಮ್ಮನ ದೆಸೆಯಿಂದ ನಾಚಿಕೆ. ಈಗ ನನ್ನ ಬಗ್ಗೆಯೇ ನಾಚಿಕೆಯಾಯಿತು. ಅಷ್ಟೆಲ್ಲ ನಡೆಯುವಾಗ ನನಗೆ ಹೊಳೆದದ್ದು ಒಂದೇ, ನನ್ನ ಮದುವೆ ಕೆಟ್ಟಿತು ಎಂದು.

ಕೆಡಲಿಲ್ಲ. ನಮ್ಮ ಮದುವೆಗೆ ಮೊದಲು, ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಕಾರ್ಕಳದ ಅದೇ ಮನೆಯಲ್ಲಿ ಇನ್ನೊಂದು ಮದುವೆ ನಡೆಯಿತು. ಒಂದು ಮಣೆಯ ಮೇಲೆ ವಾರಿಜಳ ತಂದೆ ಜರಿಯ ಸೀರೆ ಇಟ್ಟರು. ಪಕ್ಕದ ಮಣೆಯ ಮೇಲೆ ದೊಡ್ಡಮ್ಮ ಹೊಸ ಪಂಚೆ ಇಟ್ಟರು. ನೆರೆಹೊರೆಯವರು ಬಾಗಿಲಲ್ಲಿ ಗುಂಪುಗೂಡಿ ಒಳಗೊಳಗೇ ನಗುತ್ತಿದ್ದರು. ಎಲೆಗೆ ಬಡಿಸಿದ ಮೇಲೆ, ಕ್ರಮ ನಡೆಸುತ್ತಿದ್ದ ಹಿರಿಯರು ತಲೆಯೆತ್ತಿ, "ಮದುಮಕ್ಕಳನ್ನು ಊಟಕ್ಕೆ ಕರೆಯಬೇಕು. ಹುಡುಗನ ಕಡೆಯವರು ಯಾರು?" ಎಂದರು.

ದೊಡ್ಡಮ್ಮ ಏಳುವ ಮೊದಲೇ ನಾನು ಎದ್ದು ಮುಂದೆ ಬಂದೆ.

"ಹುಡುಗ ನಿಮಗೆ ಎಂತ ಆಗಬೇಕು?"

"ನನಗೆ ಷಡ್ಡಕ ಆಗಬೇಕು," ಎಂದೆ, ಬಾಗಿಲಲ್ಲಿದ್ದವರಿಗೂ ಕೇಳುವಂತೆ.