ಅಣ್ಣನ ಊರು ಇಪ್ಪತ್ತು ನಿಮಿಷ

ಉತ್ತರದ ಹಿಮಗಡಲಿನ ದ್ವೀಪದಲ್ಲಿರುವ ನಮ್ಮೂರು ಮೆಕೋರ್ಯುಕ್‌ನಿಂದ ನನ್ನಣ್ಣ ಕ್ಲೆಮೆಂಟ್ ಇರುವ ಟೋಕ್ಸೂಕ್ ಬೇ ಎಂಬ ಊರಿಗೆ ವಿಮಾನದಲ್ಲಿ ನಲವತ್ತೆರಡು ಮೈಲಿ, ಇಪ್ಪತ್ತು ನಿಮಿಷ. ಅಣ್ಣನನ್ನು ನೋಡಿ ಬಾ ಎಂದು ಹೆಂಡತಿ ಎಡ್ನಾ ಹೇಳಿದಾಗಲೆಲ್ಲ ನಾನು ಈ ಲೆಕ್ಕವನ್ನೇ ಗುರಾಣಿಯಂತೆ ಹಿಡಿಯುತ್ತಿದ್ದೆ. ಅಷ್ಟು ಹತ್ತಿರದ ಊರಿಗೆ ಅವಸರವೇನು ಎನ್ನುತ್ತಿದ್ದೆ. ಹೀಗೇ ನಾಲ್ಕು ವರ್ಷ ಕಳೆಯಿತು.

ನಿಜಸಂಗತಿ ಬೇರೆ. ಅಣ್ಣನ ದೋಣಿಯ ಎಂಜಿನ್ ರಿಪೇರಿಗೆ ಕೈಹಾಕಿ ಅದನ್ನು ಚಿರಮೌನಕ್ಕೆ ಕಳಿಸಿದ್ದೆ. ಅವನು ನೆಂಟರೆಲ್ಲರ ಎದುರು ಬೈದ. ನಾನು ಮಾತು ಬಿಟ್ಟೆ.

ನವೆಂಬರಿನಲ್ಲಿ ಅಣ್ಣನಿಗೆ ಎದೆನೋವು ಬಂದ ಸುದ್ದಿ ತಲುಪಿತು. ಎಡ್ನಾ ಅಂದು ಜಗಳವಾಡಲಿಲ್ಲ. ನನ್ನ ಚೀಲ ತಂದು ಮೇಜಿನ ಮೇಲಿಟ್ಟಳು.

"ಭಾವ ಹೋದ್ಮೇಲೂ ಅದು ಇಪ್ಪತ್ತೇ ನಿಮಿಷ. ಆಗ ಹೋಗಿ ಯಾರನ್ನ ಮಾತಾಡಿಸ್ತೀಯ?"

ಮರುದಿನ ಬೆಳಿಗ್ಗೆಯೇ ಹೊರಟೆ. ಫೋನ್ ಮಾಡಬೇಡ ಎಂದು ಅವಳಿಗೆ ಕಟ್ಟಪ್ಪಣೆ ಮಾಡಿದ್ದೆ (ಬೈಗುಳ ಹೊಂದಿಸಿಕೊಳ್ಳಲು ಅಣ್ಣನಿಗೆ ಸಮಯ ಸಿಗಬಾರದಲ್ಲ). ಪುಟ್ಟ ವಿಮಾನದಲ್ಲಿ ಟಪಾಲಿನ ಪೆಟ್ಟಿಗೆಗಳ ನಡುವೆ ಮುದುರಿ ಕೂತು, ಕ್ಷಮೆ ಕೇಳುವ ಮಾತುಗಳನ್ನು ಬಾಯಿಪಾಠ ಮಾಡುತ್ತ ಹೋದೆ. ಅರ್ಧದಾರಿಯಲ್ಲಿ ಇನ್ನೊಂದು ವಿಮಾನ ನಮ್ಮೂರಿನ ಕಡೆ ಹಾದುಹೋಯಿತು. ಕೈ ಬೀಸಿದೆ.

ಇಳಿದರೆ, ಅತ್ತಿಗೆ ವಿನಿ ಆಕಾಶ ನೋಡುತ್ತ ರನ್‌ವೇ ಪಕ್ಕದಲ್ಲಿ ನಿಂತಿದ್ದರು. ನನ್ನನ್ನು ಕಂಡು, ಮತ್ತೊಮ್ಮೆ ಆಕಾಶದ ಕಡೆ ನೋಡಿದರು.

"ನಿನ್ನ ನೋಡ್ಬೇಕು ಅಂತ ಅವರು ಈಗಷ್ಟೇ ವಿಮಾನ ಹತ್ತಿದ್ರಲ್ಲ, ಆಂಟನ್. ಮುಂಚೆ ಹೇಳಿದ್ರೆ ನೀನು ಮನೆ ಬಿಟ್ಟು ಓಡಿಹೋಗ್ತೀಯ ಅಂದ್ರು."

ಮಧ್ಯಾಹ್ನದ ಹೊತ್ತಿಗೆ ಮಂಜು ಮುಸುಕಿತು. ವಿಮಾನಗಳು ನಿಂತವು. ಸಮುದ್ರದಲ್ಲಿ ಹಿಮದ ಹಲಗೆಗಳು ತೇಲುತ್ತಿದ್ದುದರಿಂದ ದೋಣಿಯ ಮಾತೂ ಇರಲಿಲ್ಲ. ಎಂಟು ದಿನ ನಾನು ಅಣ್ಣನ ಮನೆಯಲ್ಲಿ, ಅಣ್ಣ ನನ್ನ ಮನೆಯಲ್ಲಿ. ಅವನ ಹಾಸಿಗೆಯಲ್ಲಿ ಮಲಗಿದೆ, ಅವನ ಬಟ್ಟಲಿನಲ್ಲಿ ಚಹಾ ಕುಡಿದೆ, ಅವನಿಗೆಂದು ಒಣಗಿಸಿಟ್ಟಿದ್ದ ಮೀನು ತಿಂದೆ. ಅವನು ಮೆಟ್ಟಿಲು ಹತ್ತುವಾಗ ಎರಡು ಸಲ ಕೂತು ಸುಧಾರಿಸಿಕೊಳ್ಳುತ್ತಾನೆಂದು ಅತ್ತಿಗೆ ಹೇಳಿದ ದಿನ, ಉಳಿದ ಮೀನು ಅವನಿಗೇ ಇರಲಿ ಎಂದು ಎತ್ತಿಟ್ಟೆ.

ಮೂರನೆಯ ದಿನ ಫೋನ್ ಮಾಡಿದೆ. ಬಾಯಿಪಾಠವೆಲ್ಲ ಮರೆತುಹೋಗಿತ್ತು.

"ಅಣ್ಣಾ, ಎಂಜಿನ್ ಹಾಳುಮಾಡಿದ್ದು ನಾನೇ."

ಆ ಕಡೆಯಿಂದ ಅಣ್ಣ ಹೇಳಿದ: "ಅದು ಮೊದ್ಲೇ ಕೆಟ್ಟಿತ್ತು ಕಣೋ. ಹಳೇದನ್ನ ತಗೊಂಡು ಮೋಸಹೋಗಿದ್ದೆ. ಎಲ್ಲರ ಮುಂದೆ ಒಪ್ಕೊಳ್ಳೋಕೆ ನಾಚಿಕೆ ಆಯ್ತು."

ಅವನ ಕುರ್ಚಿಯಲ್ಲಿ ಕೂತು ಅತ್ತೆ. ಅತ್ತಿಗೆ ನೋಡದವರಂತೆ ಒಲೆಯ ಕಡೆ ತಿರುಗಿದರು.

ಒಂಬತ್ತನೆಯ ದಿನ ಆಕಾಶ ತಿಳಿಯಾಯಿತು. ಮತ್ತೆ ಗಾಳಿಯಲ್ಲಿ ಅದಲುಬದಲಾಗದಂತೆ, ಅವನು ಅಲ್ಲೇ ಇರುವುದು, ನಾನೇ ಹೋಗುವುದೆಂದು ಗೊತ್ತುಮಾಡಿಕೊಂಡೆವು. ನಮ್ಮೂರಿನ ರನ್‌ವೇಯಲ್ಲಿ ಅಣ್ಣ ನನ್ನ ಎರಡೂ ಕೈ ಹಿಡಿದುಕೊಂಡ. ಬಿಡಲೇ ಇಲ್ಲ.

ಮನೆಯಲ್ಲಿ ನನ್ನ ಕುರ್ಚಿ ಈಗ ಅವನದು. ನಾನು ಬಲೆಗಳ ಪೆಟ್ಟಿಗೆಯ ಮೇಲೆ ಕೂತೆ. ಎಡ್ನಾ ಕಡಲಲ್ಲಿ ಬೇಟೆಯಾಡಿದ ಸೀಲ್ ಪ್ರಾಣಿಯ ಮಾಂಸದ ಒಳ್ಳೆಯ ತುಂಡನ್ನು ಅವನಿಗೆ ಬಡಿಸಿ, ಬೆಂಕಿಗೆ ಕಟ್ಟಿಗೆ ಬೇಕೆಂದು ನನ್ನನ್ನು ಹೊರಗೆ ಕಳಿಸಿದಳು. ಕಟ್ಟಿಗೆ ತರುವಾಗ ಒಳಗಿನ ಮಾತು ಕೇಳಿಸಿತು: ನಾನು ಹತ್ತು ವರ್ಷದವನಿದ್ದಾಗ ಸೀಲ್ ನೋಡಿ ಚಡ್ಡಿ ಒದ್ದೆ ಮಾಡಿಕೊಂಡ ಕಥೆಯನ್ನು ಅಣ್ಣ ವಿಸ್ತಾರವಾಗಿ ಹೇಳುತ್ತಿದ್ದ. ಮದುವೆಯಾದ ಮೂವತ್ತು ವರ್ಷಗಳಲ್ಲಿ ಎಡ್ನಾ ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಪ್ರತಿಭಟಿಸಲೆಂದೇ ಬಾಗಿಲು ತೆರೆದೆ.

"ಬಾಗಿಲು ಹಾಕು, ಚಳಿ ಬರ್ತದೆ," ಎಂದರು ಇಬ್ಬರೂ ಒಟ್ಟಿಗೆ.

ಹಾಕಿದೆ, ಹೊರಗಡೆಯಿಂದ. ಕಥೆ ಪೂರ್ತಿಯಾಗಲಿ ಎಂದು ಕಟ್ಟಿಗೆ ಹಿಡಿದುಕೊಂಡು ಅಲ್ಲೇ ನಿಂತೆ.