ಗಿರಣಿ ಗಂಟಲೂ ಸಂಡೂರಿನ ಚಿಟ್ಟೆಗಳೂ

ಪಿಸುಗುಟ್ಟುವ ಭಾಗ್ಯ ನನ್ನ ಹಣೆಯಲ್ಲಿ ಬರೆದಿಲ್ಲ. ಗುಟ್ಟು ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂದಲ್ಲ, ಎಷ್ಟು ವರ್ಷ ಬೇಕಾದರೂ ನಿಲ್ಲುತ್ತದೆ. ಹೊರಗೆ ಬರುವಾಗ ಮಾತ್ರ ಓಣಿಗೆಲ್ಲ ಕೇಳುವಂತೆ ಬರುತ್ತದೆ. ಕಂಪ್ಲಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ ಇದೆ. ಅದರ ಬೆಲ್ಟಿನ ಪಟಪಟ, ಜರಡಿಯ ಗಡಗಡದ ನಡುವೆಯೇ ನಾನು ಮಾತು ಕಲಿತದ್ದು. ಅಲ್ಲಿ "ಚಾ ತರ್ಸಪ್ಪ" ಎನ್ನುವುದಕ್ಕೂ "ಬೆಂಕಿ ಬಿದ್ದೈತಿ" ಎನ್ನುವುದಕ್ಕೂ ಬೇಕಾದ ದನಿ ಒಂದೇ. ಒಮ್ಮೆ ಹೊಸಪೇಟೆಯಲ್ಲಿ ನೆಂಟರ ಮದುವೆಯ ಊಟಕ್ಕೆ ಕುಳಿತು ಹೆಂಡತಿಯ ಕಿವಿಯಲ್ಲಿ, "ಹೋಳಿಗಿಗೆ ಬೆಲ್ಲ ಕಮ್ಮಿ ಆಗೈತಿ" ಎಂದು ಉಸುರಿದೆ. ಒಳಗಿನಿಂದ ಅಡುಗೆಯವನೇ ಸೌಟು ಹಿಡಿದುಕೊಂಡು ಬಂದು, "ಯಾರ್ರೀ ಹಂಗಂದೋರು?" ಎಂದ. ಹಂಪಿಯಲ್ಲಿ ವಿರೂಪಾಕ್ಷನ ಮುಂದೆ ಕಣ್ಣು ಮುಚ್ಚಿಕೊಂಡು ನನ್ನ ಮಂಡಿನೋವನ್ನು ಮನಸ್ಸಿನಲ್ಲೇ ಹೇಳಿಕೊಂಡೆ, ಅಥವಾ ಹಾಗೆಂದು ನಾನು ತಿಳಿದೆ. ಕಣ್ಣು ತೆರೆದರೆ ಪಕ್ಕದಲ್ಲಿದ್ದ ಗುರುತಿಲ್ಲದ ಅಜ್ಜಿಯೊಬ್ಬರು, "ಎಳ್ಳೆಣ್ಣಿ ಕಾಸಿ ಹಚ್ಚಪಾ, ಕಮ್ಮಿ ಆಗತೈತಿ" ಎಂದರು. ಹಚ್ಚಿದೆ, ಕಡಿಮೆಯೂ ಆಯಿತೆನ್ನಿ.

ಇಂಥ ನನಗೆ ಗಿರಿಜಾ ಎಂಬ ಒಬ್ಬಳೇ ಮಗಳು. ಹೊಸಪೇಟೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ, ಅಲ್ಲೇ ಮನೆ ಮಾಡಿದ್ದಾಳೆ. ಮೊದಲೆಲ್ಲ ಭಾನುವಾರ ಬಂತೆಂದರೆ ಕಂಪ್ಲಿಗೆ ಬರುತ್ತಿದ್ದಳು. ನಾನು ಅವಳಿಗಾಗಿ ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬರುವುದು, ಅವಳು ತಿನ್ನುತ್ತ ನನಗೆ ಎಣ್ಣೆ ಪದಾರ್ಥ ತಿನ್ನಬೇಡಿರೆಂದು ಬುದ್ಧಿ ಹೇಳುವುದು, ಹೀಗೆ ಚೆನ್ನಾಗಿಯೇ ನಡೆದಿತ್ತು. ಈಚೆಗೆ ಅವಳಿಗೆ ಚಿಟ್ಟೆಯ ಹುಚ್ಚು ಹಿಡಿಯಿತು. ಭಾನುವಾರ ಬೆಳಕು ಹರಿಯುವ ಮೊದಲೇ ನಾಲ್ಕಾರು ಗೆಳೆಯರೊಂದಿಗೆ ಸಂಡೂರಿನ ಗುಡ್ಡ ಹತ್ತಿಬಿಡುತ್ತಾಳೆ. ಕಂಪ್ಲಿಗೆ ಬರುವುದು ಹಬ್ಬಕ್ಕೊಮ್ಮೆ ಎನ್ನುವಂತಾಯಿತು. ಮಿರ್ಚಿಯನ್ನು ನಾನೊಬ್ಬನೇ ತಿಂದು ತಿಂದು ಎದೆಯುರಿ ಬಂದದ್ದೇ ಲಾಭ.

"ನನ್ನೂ ಕರ್ಕೊಂಡು ಹೋಗವಾ" ಎಂದು ಫೋನಿನಲ್ಲಿ ಕೇಳಿದೆ.

"ಬ್ಯಾಡ್ರಿ ಅಪ್ಪಾಜಿ. ನಿಮ್ಮ ದನಿ ಕೇಳಿದ್ರ ಗುಡ್ಡದಾಗಿನ ಪ್ರಾಣಿ ಎಲ್ಲಾ ಆಂಧ್ರಕ್ಕ ಓಡಿ ಹೋಗ್ತಾವ."

ನನ್ನ ಹೆಂಡತಿ ಫೋನು ಕಸಿದುಕೊಂಡು, "ಕರ್ಕೊಂಡು ಹೋಗಲೇ ಗಿರಿಜಾ, ಒಂದಿನನಾರ ನನ್ನ ಕಿವಿಗೆ ಸೂಟಿ ಸಿಗ್ಲಿ" ಎಂದಳು. ಈ ಮಾತಿಗೆ ಮಗಳು ಕರಗಿದಳು. ಆದರೆ ಕರಾರು ಹಾಕದೆ ಬಿಡಲಿಲ್ಲ. "ಒಂದ ಸಲ ನೋಡೋಣ್ರಿ. ಅಲ್ಲಿ ಬಂದು ಚೀರಿದ್ರಿ ಅಂದ್ರ ಮತ್ತ ಕರಿಯಂಗಿಲ್ಲ ನೋಡ್ರಿ." ನಾನು ಒಪ್ಪಿದೆ. ನಿಜ ಹೇಳಬೇಕೆಂದರೆ, ಚಿಟ್ಟೆಗೂ ನನಗೂ ಎತ್ತಣ ಸಂಬಂಧ? ನನಗೆ ಬೇಕಾಗಿದ್ದದ್ದು ಮಗಳ ಭಾನುವಾರ.

ಮಳೆಗಾಲ ಆಗ ತಾನೇ ಹಿಂದೆ ಸರಿದಿತ್ತು. ಕೆಂಪು ಮಣ್ಣಿನ ಗುಡ್ಡಗಳ ಮೇಲೆ ಮೊಳಕಾಲೆತ್ತರ ಹುಲ್ಲು, ಹುಲ್ಲಿನ ಮೇಲೆ ಮಂಜು. ಅದಿರಿನ ಲಾರಿಗಳ ಧೂಳಿನಲ್ಲಿ ಮಾತ್ರ ಸಂಡೂರನ್ನು ಕಂಡಿದ್ದ ನಾನು ಬಾಯಿ ತೆರೆದು ನೋಡಿದೆ, ಮಗಳ ಕರಾರು ನೆನಪಾಗಿ ಥಟ್ಟನೆ ಮುಚ್ಚಿದೆ. ನಮ್ಮ ಗುಂಪಿನ ಮುಂದಾಳು ವೀರೇಶ, ಕುರೆಕುಪ್ಪದ ಹುಡುಗ, ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅವನ ಮಾತು ಅವನ ಮೀಸೆ ದಾಟಿ ಹೊರಗೆ ಬರುತ್ತಿರಲಿಲ್ಲ. ನಾನಾದರೂ ಭತ್ತ ಬಡಿಯುವವನು, ಇವನು ಕಬ್ಬಿಣ ಬಡಿಯುವಲ್ಲಿ ದುಡಿಯುವವನು. ಇಷ್ಟು ಮೆತ್ತಗೆ ಹೇಗಪ್ಪ ಮಾತಾಡುತ್ತೀ ಎಂದು ಕೇಳಿದರೆ, "ನಮಗ ಕಿವಿಗೆ ಇಟ್ಕೊಳ್ಳಾಕ ಬಿರಡಿ ಕೊಡ್ತಾರ್ರೀ ಕಾಕಾ" ಎಂದ. ನಮ್ಮ ಗಿರಣಿಯಲ್ಲಿ ಚಹಾ ಬಿಟ್ಟು ಬೇರೇನೂ ಕೊಡುವ ಪದ್ಧತಿ ಇಲ್ಲ.

ಸ್ವಲ್ಪ ದೂರ ನಡೆದಿದ್ದೆವು. ಕಪ್ಪು ರೆಕ್ಕೆಯ ಮೇಲೆ ಕುಂಕುಮದ ಬೊಟ್ಟಿಟ್ಟಂಥ ಚಿಟ್ಟೆಯೊಂದು ಲಂಟಾನ ಹೂವಿನ ಮೇಲೆ ಬಂದು ಕೂತಿತು. "ಅಲ್ನೋಡವಾ!" ಎಂದೆ. ಅಷ್ಟೇ ಸ್ವಾಮಿ, ಎರಡೇ ಮಾತು. ಪೊದೆಯೊಳಗಿಂದ ನವಿಲೊಂದು ಕೂಗಿಕೊಂಡು ಎದ್ದಿತು, ಗಿಳಿಗಳ ಹಿಂಡು ಮರ ಖಾಲಿ ಮಾಡಿತು, ಮಂಗವೊಂದು ಕೈಯಲ್ಲಿದ್ದ ಹಣ್ಣು ಬಿಟ್ಟು ಓಡಿತು. ಚಿಟ್ಟೆ ಮಾತ್ರ ಕೂತಲ್ಲೇ ಕೂತಿತ್ತು. "ಅದಕ್ಕ ನಮ್ಮ ಮಾತಿಂದ ಅಷ್ಟು ಫರಕ್ ಬೀಳಂಗಿಲ್ರಿ ಕಾಕಾ, ಉಳಿದ ಪ್ರಾಣಿಗೆ ಬೀಳತೈತಿ" ಎಂದು ವೀರೇಶ ಮರ್ಯಾದೆಯಿಂದ ಹೇಳಿದ. ಗಿರಿಜಾ ತನ್ನ ಅವ್ವ ನನ್ನನ್ನು ನೋಡುವಂತೆ ಒಮ್ಮೆ ನೋಡಿದಳು. ನನ್ನನ್ನು ಸಾಲಿನ ಕಟ್ಟಕಡೆಗೆ ದಾಟಿಸಲಾಯಿತು. ಇದೇ ಮೊದಲು, ಇದೇ ಕೊನೆ ಆಗಿಬಿಟ್ಟರೆ? ಹೆಂಡತಿ ಕಟ್ಟಿಕೊಟ್ಟಿದ್ದ ಹುರಿದ ಶೇಂಗಾ ಜೇಬಿನಲ್ಲಿತ್ತು. ಮುಕ್ಕಿದೆ. ಬಾಯಿ ತುಂಬಿದ್ದರೆ ಮಾತು ಬರಲು ಜಾಗವಾದರೂ ಎಲ್ಲಿ?

ವೀರೇಶ ಹಿಂದಕ್ಕೆ ಬಂದು ನನ್ನ ಜೊತೆ ನಡೆಯುತ್ತ ಕೊಂಡಕುರಿಯ ವಿಷಯ ಹೇಳಿದ. ಹೆಸರಿಗೆ ಕುರಿ, ನೋಡಲು ಸಣ್ಣ ಜಿಂಕೆ, ತಲೆಯ ಮೇಲೆ ನಾಲ್ಕು ಕೊಂಬು. ಭಾಳ ಅಂಜುಬುರುಕ ಪ್ರಾಣಿಯಂತೆ. ಇವರಿಗೆ ಈ ಗುಡ್ಡದಲ್ಲಿ ಅದರ ಹೆಜ್ಜೆ ಸಿಕ್ಕಿದೆ, ಹಿಕ್ಕೆ ಸಿಕ್ಕಿದೆ, ಅದು ಮಾತ್ರ ಸಿಕ್ಕಿಲ್ಲ. "ನಿಮ್ಮ ಮಗಳು ಅದಕ್ಕಂತನ ಬರ್ತಾರ್ರೀ. ಚಿಟ್ಟಿ ನೆಪ ಅಷ್ಟ" ಎಂದ. ನೆಪ ಹೂಡಿಕೊಂಡು ಗುಡ್ಡ ಹತ್ತುವುದು ನಮ್ಮ ಮನೆತನದಲ್ಲೇ ಇದೆ ಎಂದು ತಿಳಿದು ಸಮಾಧಾನವಾಯಿತು.

ಬಿಸಿಲೇರುವ ಹೊತ್ತಿಗೆ ಹಳ್ಳವೊಂದಕ್ಕೆ ಇಳಿದೆವು. ದಂಡೆಯ ಹಸಿ ಮರಳಿನ ಮೇಲೆ ಹಳದಿ, ಬಿಳಿ, ನೀಲಿ ಚಿಟ್ಟೆಗಳು ಪಂಕ್ತಿ ಹಿಡಿದು ಊಟಕ್ಕೆ ಕೂತಂತೆ ಕೂತಿದ್ದವು. ಮರಳಿನೊಳಗಿನ ಉಪ್ಪು ಹೀರುತ್ತವಂತೆ. ಎಲ್ಲರೂ ಫೋಟೋ ತೆಗೆಯಲು ಮಂಡಿಯೂರಿ ಕೂತರು. ಮಂಡಿ ಬಗ್ಗದ ನಾನೊಬ್ಬನೇ ನೆಟ್ಟಗೆ ನಿಂತಿದ್ದೆ. ಹಾಗಾಗಿ ಹಳ್ಳದ ಆಚೆ, ಬಿದಿರಿನ ನೆರಳಿನಿಂದ ನೀರಿಗೆ ಬಂದದ್ದು ನನಗೊಬ್ಬನಿಗೇ ಕಂಡಿತು. ಕಂದು ಮೈ, ತೆಳ್ಳನೆಯ ಕಾಲು, ಕಿವಿಗಳ ನಡುವೆ ಎರಡು ಕೊಂಬು, ಹಣೆಯ ಮೇಲೆ ಮೊಳಕೆಯಂಥವು ಮತ್ತೆರಡು.

ಗಂಟಲಿನವರೆಗೆ ಬಂದಿತ್ತು ಕೂಗು. ಶೇಂಗಾದ ಜೊತೆ ನುಂಗಿದೆ. ಬಾಯಿ ತೆರೆದರೆ ಅದು ಹೋಗುತ್ತದೆ, ತೆರೆಯದಿದ್ದರೆ ಮಗಳಿಗೆ ಕಾಣುವುದಿಲ್ಲ. ಆಗ ಕೈ ತನ್ನಷ್ಟಕ್ಕೆ ತಾನೇ ಗಿರಣಿಯ ಕೆಲಸ ಮಾಡಿತು. ಯಂತ್ರ ಓಡುವಾಗ ನಮ್ಮಲ್ಲಿ ಎಂಥ ಗಂಟಲೂ ಸಾಲದು. ಬೆನ್ನು ತಿರುಗಿಸಿ ನಿಂತವರನ್ನು ಕರೆಯಬೇಕಾದರೆ ನಾಲ್ಕು ಕಾಳು ಭತ್ತ ಬೆನ್ನಿಗೆ ಎಸೆಯುತ್ತೇವೆ. ಎಸೆತ ತಾಗಿದವರು ಮಾತಾಡದೆ ತಿರುಗಿ ಕೈ ನೋಡಬೇಕು. ನಾನು ಜೇಬಿನಿಂದ ಎರಡು ಶೇಂಗಾ ತೆಗೆದು ಗಿರಿಜಾಳ ಬೆನ್ನಿಗೆ ಎಸೆದೆ. ಬೇರೆಯವರಾಗಿದ್ದರೆ "ಯಾರದು?" ಎಂದು ಚೀರುತ್ತಿದ್ದರು. ಭತ್ತದ ಚೀಲಗಳ ಮೇಲೆ ಕೂತು ಹೋಂವರ್ಕ್ ಮಾಡಿದ ನನ್ನ ಮಗಳು ಚೀರಲಿಲ್ಲ. ನಿಧಾನವಾಗಿ ತಿರುಗಿ ನನ್ನ ಕೈ ನೋಡಿದಳು. ಅಂಗೈ ಕೆಳಕ್ಕೆ ಒತ್ತಿದೆ: ಇದ್ದಲ್ಲೇ ಇರು. ಗದ್ದ ಎತ್ತಿದೆ: ಆ ಕಡೆ ನೋಡು.

ನೋಡಿದಳು. ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು. ಅದು ಸಾವಕಾಶ ನೀರು ಕುಡಿಯಿತು, ತಲೆಯೆತ್ತಿ ಕಿವಿ ಆಡಿಸಿತು, ಮತ್ತೆ ಕುಡಿಯಿತು, ಬಿದಿರಿನೊಳಗೆ ಹೋಯಿತು. ನಾನು ಕೊಂಡಕುರಿಯನ್ನು ನೋಡಿದ್ದು ಕಡಿಮೆ. ಮಗಳ ಮುಖವನ್ನೇ ನೋಡುತ್ತಿದ್ದೆ. ಎಂಥ ಸುಖವಪ್ಪ ಅದು! ವೀರೇಶ ಬಂದು ನನ್ನ ಕೈ ಹಿಡಿದು, "ಮಸ್ತ್ ಕಾಕಾ" ಎಂದ. ಗಿರಿಜಾ ಕಣ್ಣೊರೆಸಿಕೊಂಡಳು, ಆಮೇಲೆ ಬಗ್ಗಿ ಆ ಎರಡು ಶೇಂಗಾ ಹುಡುಕಿ ತಿಂದಳು.

ಸಂಜೆ ಇಳಿದು ಬರುವಾಗ ಕಾರಿನಲ್ಲಿ ನಾವಿಬ್ಬರೇ. ವೀರೇಶ ಮತ್ತು ಉಳಿದವರ ಜೀಪು ಮುಂದೆ ಹೋಗುತ್ತಿತ್ತು. ಗಿರಿಜಾ ಕಾರು ಓಡಿಸುತ್ತ, ರಸ್ತೆಯನ್ನೇ ನೋಡುತ್ತ, "ಮುಂದಿನ ಐತ್ವಾರನೂ ಬರ್ತೀರೇನ್ರಿ ಅಪ್ಪಾಜಿ?" ಎಂದಳು.

"ಬರ್ತೀನವಾ" ಎಂದೆ. ಎದೆ ತುಂಬಿ ಬಂದಿತ್ತು. ದನಿ ನನಗೇ ಕೇಳಿಸಲಿಲ್ಲ. ಹುಟ್ಟಿದಂದಿನಿಂದ ಬಾರದ ಪಿಸುಮಾತು ಕೊನೆಗೂ ಬಂದಿತ್ತು.

"ಏನಂದ್ರಿ? ಕೇಳ್ಲಿಲ್ರಿ. ಒಂಚೂರು ಗಟ್ಟಿಯಾಗಿ ಹೇಳ್ರಿ."

ಹೇಳಿದೆ. ಮುಂದೆ ಹೋಗುತ್ತಿದ್ದ ಜೀಪು ಗಕ್ಕನೆ ನಿಂತಿತು. ವೀರೇಶ ಗಾಬರಿಯಿಂದ ಇಳಿದು ನಮ್ಮತ್ತ ಓಡಿ ಬಂದ.